ಸಂಬಳ, ಖರ್ಚಿನ ಲೆಕ್ಕ ಭಾನುವಾರದೊಳಗೆ ಕಳುಹಿಸಿ

ಎಲ್ಲರಿಗೂ ನಮಸ್ಕಾರ. ಗೋದಾಮಿನಲ್ಲಿ ಪ್ಯಾಕಿಂಗ್, ಲೋಡಿಂಗ್ ಮಾಡುವ ನಮ್ಮೆಲ್ಲರಿಗೂ ಸೇರಿದ ವಿಷಯ ಇದು. ನೆಲಮಂಗಲದಲ್ಲೇ ಇರಲೇ, ಹೊಸಕೋಟೆಗೆ ಹೋಗಲೇ, ಹುಬ್ಬಳ್ಳಿಗೆ ಮರಳಲೇ ಎಂದು ಹಲವರು ಕೇಳುತ್ತಿದ್ದೀರಿ. ದಯವಿಟ್ಟು ಸಂಬಳದ ಅಂಕಿಯೊಂದನ್ನೇ ನೋಡಿ ಗಂಟುಮೂಟೆ ಕಟ್ಟಬೇಡಿ.

ನೆಲಮಂಗಲಕ್ಕೆ ಬಂದಾಗ ನನಗೆ ಊರಿಗಿಂತ 3,000 ರೂಪಾಯಿ ಹೆಚ್ಚು ಸಿಕ್ಕಿತು. ಆದರೆ ಒಂಟಿ ಕೋಣೆಯ ಬಾಡಿಗೆಯೇ 5,500. ಕುಡಿಯುವ ನೀರಿನ ಕ್ಯಾನು, ಗ್ಯಾಸ್, ಮನೆಯ ಮುಂಗಡಕ್ಕೆ ಮಾಡಿದ ಸಾಲದ ಕಂತು ಬೇರೆ. 20ನೇ ತಾರೀಖಿಗೇ ಜೇಬು ಬರಿದಾಗುತ್ತಿತ್ತು.

ಭಾನುವಾರ ರಾತ್ರಿ 9ರೊಳಗೆ ಇಷ್ಟನ್ನು ಬರೆದು ಕಳುಹಿಸಿ: ಕೆಲಸದ ಊರು, ಕೈಗೆ ಬರುವ ಸಂಬಳ, ಬಾಡಿಗೆ, ಊಟ, ಓಡಾಟ, ಮನೆಗೆ ಕಳುಹಿಸಿದ ಹಣ. ಕಂಪನಿಯ ಹೆಸರು, ಪಿಎಫ್ ಸಂಖ್ಯೆ ಬೇಡ. ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಓಡಾಡುವ ಅಕ್ಕಂದಿರು ಅದನ್ನೂ ತಿಳಿಸಿ. ಆ ಉಳಿತಾಯ ಸಣ್ಣದಲ್ಲ.

ಸಂಬಳದ ಚೀಟಿಯನ್ನೂ ಒಮ್ಮೆ ನೋಡಿಕೊಳ್ಳಿ. ನಮ್ಮ ಪಾಲಿನ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕಡಿತ ಸಂಬಳದ 0.75% ಮಾತ್ರ. ಓವರ್‌ಟೈಮ್‌ಗೆ ದುಪ್ಪಟ್ಟು ದರ ಸಿಗಬೇಕು. ಸಂಶಯವಿದ್ದರೆ ನನಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸಿ.

ಸೋಮವಾರ ಊರುವಾರು ಪಟ್ಟಿ ಇಲ್ಲೇ ಹಾಕುತ್ತೇನೆ. ಓದಿದವರು ‘ಸರಿ’ ಎಂದು ಉತ್ತರಿಸಿ.