ನಾನು ಹಾರಿಸಿದ ಪುಟಗಳು

ಪುಟ್ಟೀ,

ನಿನ್ನೆ ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಅಲ್ಲೇ ಕೂತಿದ್ದೆ. ಮತ್ತೆ ಮಾಡೋಣ ಅನ್ನಿಸಿತು. ಮಾಡಿದರೆ ಮತ್ತೆ ಕೂಗಾಡುತ್ತೇನೇನೋ ಅಂತ ಭಯವೂ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ. 'ನೀನು ನನ್ನ ಮಗಳೇ ಅಲ್ಲ' ಅಂದೆನಲ್ಲ, ಆ ಮಾತು ಆಡಬಾರದಿತ್ತು. ಸಿಟ್ಟಿನಲ್ಲಿ ಅಂದೆ ಅಂತ ಹೇಳಿ ಜಾರಿಕೊಳ್ಳುವುದಿಲ್ಲ. ಬಾಯಿ ನನ್ನದೇ, ಮಾತೂ ನನ್ನದೇ. ತಪ್ಪಾಯಿತು ಕಂದ.

ಹಾಸ್ಟೆಲ್‌ನಲ್ಲಿ ಏನಾಯಿತು ಅಂತ ಮತ್ತೆ ಬರೆಯುವುದು ಬೇಡ. ಇಬ್ಬರಿಗೂ ಗೊತ್ತು. ವಾರ್ಡನ್ ಕಳಿಸಿದ ಸ್ಕ್ರೀನ್‌ಶಾಟ್ ಇನ್ನೂ ನನ್ನ ಫೋನಿನಲ್ಲಿದೆ. ಹದಿನೈದು ದಿನ ಸಸ್ಪೆಂಡ್ ಮಾಡಿದ್ದು ದೊಡ್ಡ ವಿಷಯ ಅಲ್ಲ, ಹದಿನೈದು ದಿನ ಕಳೆಯುತ್ತದೆ. ನನ್ನನ್ನು ಹಿಡಿದುಕೊಂಡಿರುವುದು ನಿನ್ನ ಗೆಳತಿಯ ಬಗ್ಗೆ ನೀನು ಕೊನೆಗೆ ಅಂದ ಮಾತು. 'ಫೀಸು ಕಟ್ಟಲು ದುಡ್ಡಿಲ್ಲದಾಗ ಅವಳು ಕೊಟ್ಟಳು, ನೀನಲ್ಲ. ಅವಳು ಬರೀ ಅಂದಳು, ಬರೆದೆ. ಕರ್ಣನೂ ಅಷ್ಟೇ ಅಲ್ವಾ ಮಾಡಿದ್ದು? ನೀನೇ ಅಲ್ವಾ ಅವನ ಕಥೆ ಹೇಳಿದ್ದು?'

ಹೌದು. ನಾನೇ ಹೇಳಿದ್ದು.

ನಿನಗೆ ಆಗ ಆರೋ ಏಳೋ ವರ್ಷ. ಕರೆಂಟ್ ಹೋದ ರಾತ್ರಿಗಳಲ್ಲಿ ಕರ್ಣನ ಕಥೆಯೇ ಬೇಕು ನಿನಗೆ, ಬೇರೆ ಯಾರದ್ದೂ ಬೇಡ. ಕರ್ಣನನ್ನು ಕೊಂದವರು ಆರು ಜನ ಅಂತ ಒಂದು ಹಳೇ ಮಾತಿದೆಯಲ್ಲ, ಅದನ್ನು ನಿನಗೆ ಬೆರಳಿನ ಮೇಲೆ ಕಲಿಸಿದ್ದೆ. ಕಿರುಬೆರಳಿಗೆ ಶಾಪ ಕೊಟ್ಟ ಪರಶುರಾಮ. ಆಮೇಲೆ ಕವಚ ಕುಂಡಲ ಕೇಳಿ ತಗೊಂಡ ಇಂದ್ರ. ಆಮೇಲೆ ರಥದ ಗಾಲಿ ನುಂಗಿದ ಭೂಮಿ. ಆಮೇಲೆ ಕೃಷ್ಣ, ಅರ್ಜುನ. ಅಲ್ಲಿಗೆ ನಿನ್ನ ಒಂದು ಕೈಯ ಐದು ಬೆರಳು ಮುಗಿಯುತ್ತಿದ್ದವು. ಆರನೆಯದಕ್ಕೆ ನಿನ್ನ ಇನ್ನೊಂದು ಕೈ ಇತ್ತು, ಆದರೂ ನೀನು ಅದನ್ನು ಬಳಸುತ್ತಿರಲಿಲ್ಲ. ಕತ್ತಲಲ್ಲಿ ತಡಕಾಡಿ ನನ್ನ ಹೆಬ್ಬೆರಳು ಹಿಡಿದು 'ಕುಂತಿ' ಅನ್ನುತ್ತಿದ್ದೆ. ಅದು ನಿನಗೆ ಆಟ. ನನಗೂ ಆಗ ಆಟವೇ. ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದೆ, ಬಿಡಿಸಿಕೊಳ್ಳಲು ಹೋದರೆ ಎಚ್ಚರ ಆಗುತ್ತಿತ್ತು.

ನಿನ್ನೆ ರಾತ್ರಿಯೆಲ್ಲ ಆ ಲೆಕ್ಕವನ್ನೇ ಎಣಿಸುತ್ತಿದ್ದೆ. ಆರು ಜನ. ಆ ಆರರಲ್ಲಿ ಕರ್ಣನ ಹೆಸರು ಎಲ್ಲಿದೆ?

ಇಲ್ಲ. ಯಾಕೆ ಇಲ್ಲ ಅಂದರೆ, ಅವನ ಹೆಸರು ಬರಬೇಕಾದ ಪುಟವನ್ನು ನಾನು ನಿನಗೆ ಹೇಳಲೇ ಇಲ್ಲ. ಜೂಜಿನ ಸಭೆ ಬಂದಾಗಲೆಲ್ಲ 'ಪಾಂಡವರು ಸೋತರು, ಕಾಡಿಗೆ ಹೋದರು' ಅಂತ ಎರಡೇ ಮಾತಿನಲ್ಲಿ ದಾಟಿಸಿಬಿಡುತ್ತಿದ್ದೆ. ಹೆಣ್ಣುಮಗು, ಇಷ್ಟು ಬೇಗ ಅದೆಲ್ಲ ಯಾಕೆ ಅಂದುಕೊಂಡೆ. ಅದೊಂದೇ ಕಾರಣ ಅಲ್ಲ, ನಿಜ ಹೇಳುತ್ತೇನೆ. ನನಗೂ ಕರ್ಣ ಅಂದರೆ ಪ್ರಾಣ. 'ನೆನೆಯದಿರಣ್ಣ ಭಾರತದೊಳಿಂ ಪೆಱರಾರುಮನ್' ಅಂತ 941ರಲ್ಲೇ ಪಂಪ ಹೇಳಿಬಿಟ್ಟಿದ್ದಾನೆ, ನೆನೆಯುವುದಾದರೆ ಕರ್ಣನನ್ನು ನೆನೆ ಅಂತ. ನಾವು ಕನ್ನಡದವರು ಅವತ್ತಿನಿಂದ ಅವನನ್ನು ಎದೆಗೆ ಕಟ್ಟಿಕೊಂಡಿದ್ದೇವೆ. ಅವನ ಬಾಯಿಂದ ಆ ಮಾತು ಬಂತು ಅಂತ ಮಗಳಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ.

ಈಗ ಹೇಳುತ್ತೇನೆ. ಓದು, ಹಾರಿಸಬೇಡ.

ದ್ರೌಪದಿಯನ್ನು ಕೂದಲು ಹಿಡಿದು ಸಭೆಗೆ ಎಳೆದು ತಂದಿದ್ದಾರೆ. ಅವಳು ಒಂದೇ ಪ್ರಶ್ನೆ ಕೇಳುತ್ತಾಳೆ, ತನ್ನನ್ನೇ ಸೋತ ಗಂಡನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಅಂತ. ಭೀಷ್ಮ ದಾರಿ ಕಾಣದೆ ತಡವರಿಸುತ್ತಾನೆ. ಉಳಿದ ದೊಡ್ಡವರು ಬಾಯಿ ಬಿಡುವುದಿಲ್ಲ. ಆಗ ಎದ್ದು ನಿಂತವನು ವಿಕರ್ಣ. ಯಾರವನು ಗೊತ್ತಾ? ದುರ್ಯೋಧನನ ಸ್ವಂತ ತಮ್ಮ. ಅದೇ ಮನೆ, ಅದೇ ಅನ್ನ. ಇವಳನ್ನು ಗೆದ್ದಿದ್ದು ನ್ಯಾಯ ಅಲ್ಲ ಅಂತ ಅಷ್ಟು ಜನರ ಎದುರು ಅವನು ಹೇಳಿದ. ಸಭೆಯಲ್ಲಿ ಗದ್ದಲವಾಯಿತು, ಜನ ಅವನನ್ನು ಹೊಗಳಿದರು. ಅಂದರೆ ಗಾಳಿ ತಿರುಗುವ ಹೊತ್ತು ಅದು. ಇನ್ನೊಬ್ಬ ಯಾರಾದರೂ ಅವನ ಪಕ್ಕ ನಿಂತಿದ್ದರೆ ಸಾಕಿತ್ತು.

ಎದ್ದವನು ಕರ್ಣ. ವಿಕರ್ಣನ ಪಕ್ಕ ನಿಲ್ಲಲು ಅಲ್ಲ. ನೀನು ಚಿಕ್ಕವನು, ದೊಡ್ಡವರ ಹಾಗೆ ಮಾತಾಡಬೇಡ ಅಂತ ಅವನ ಬಾಯಿ ಮುಚ್ಚಿಸಲು. ಐದು ಜನ ಗಂಡಂದಿರು ಇರುವವಳು ಎಂಥವಳು ಅಂತ ದ್ರೌಪದಿಯನ್ನು ಕೆಟ್ಟ ಮಾತಿನಲ್ಲಿ ಕರೆದ. ಆಮೇಲೆ ದುಶ್ಶಾಸನನ ಕಡೆ ತಿರುಗಿ, ಪಾಂಡವರ ಬಟ್ಟೆಯನ್ನೂ ಇವಳ ಬಟ್ಟೆಯನ್ನೂ ಕಿತ್ತುಕೋ ಅಂದ. ವ್ಯಾಸರ ಭಾರತದಲ್ಲಿ ಆ ಮಾತು ಹುಟ್ಟಿದ್ದು ದುರ್ಯೋಧನನ ಬಾಯಿಂದ ಅಲ್ಲ ಪುಟ್ಟೀ, ಕರ್ಣನ ಬಾಯಿಂದ. ಹಾಗೆ ಅನ್ನು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸ್ಕ್ರೀನ್‌ಶಾಟ್ ಅನ್ನು ಮತ್ತೆ ನೋಡಿದೆ. ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಆ ಹುಡುಗಿ ಮಾತಾಡುವ ರೀತಿಯನ್ನು ಯಾರೋ ಕದ್ದು ರೆಕಾರ್ಡ್ ಮಾಡಿ ಗುಂಪಿಗೆ ಹಾಕಿದ್ದಾರೆ. ಅದು ನೀನಲ್ಲ. ಅದರ ಕೆಳಗೆ ನಗುವ ಮುಖಗಳು, ಸಾಲಾಗಿ. ಅದರ ಕೆಳಗೆ ನಿನ್ನ ಹೆಸರಿನಲ್ಲಿ ಒಂದು ಸಾಲು. ಅದನ್ನು ಇಲ್ಲಿ ಬರೆಯಲು ನನ್ನ ಕೈ ಬರುವುದಿಲ್ಲ. ಅದರ ಕೆಳಗೆ ಒಬ್ಬಳು 'ಬೇಡ ಕಣ್ರೇ, ಅಳಿಸಿಬಿಡಿ' ಅಂದಿದ್ದಾಳೆ. ಅವಳಿಗೆ ನೀನು ಕೊಟ್ಟ ಉತ್ತರವೂ ಇದೆ. 'ನಿಂಗ್ಯಾಕೆ?' ಅಷ್ಟೇ. ಮೂರೇ ಅಕ್ಷರ. ನೀನು ಬರೆದ ಆ ದೊಡ್ಡ ಸಾಲಿಗಿಂತ ನನಗೆ ಇದೇ ಜಾಸ್ತಿ ಚುಚ್ಚುತ್ತಿದೆ. ಮೊದಲನೆಯದನ್ನು ಬರೀ ಅಂತ ಗೆಳತಿ ಹೇಳಿರಬಹುದು. ಇದನ್ನು ಯಾರು ಹೇಳಿದರು? ಆ ಹೊತ್ತಿನಲ್ಲಿ ನಿನಗೆ ಒಂದು ಬಾಗಿಲು ತೆರೆದಿತ್ತು, ಇನ್ನೊಬ್ಬ ಹುಡುಗಿ ಅದನ್ನು ಹಿಡಿದುಕೊಂಡು ನಿಂತಿದ್ದಳು. ನೀನು ಅದನ್ನು ಅವಳ ಮುಖಕ್ಕೆ ಮುಚ್ಚಿದೆ.

ಆ ಹುಡುಗಿ ಹಾಸ್ಟೆಲ್ ಬಿಟ್ಟು ಮನೆಗೆ ಹೋಗಿದ್ದಾಳಂತೆ. ಅವಳ ಅಮ್ಮನೂ ನನ್ನ ಹಾಗೆ ನಿನ್ನೆ ನಿದ್ದೆ ಮಾಡಿರಲಿಕ್ಕಿಲ್ಲ.

ನೀನು ಋಣ ಅಂದೆ. ಋಣ ಅಂದರೆ ಏನು ಅಂತ ನನಗೂ ಗೊತ್ತು. ಹುಟ್ಟು ಕೇಳಿ ಎಲ್ಲರೂ ಅವಮಾನ ಮಾಡಿದ ದಿನ ದುರ್ಯೋಧನ ಒಬ್ಬನೇ ಅಂಗರಾಜ್ಯ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡ. ಪಂಪನಲ್ಲಿ ಇನ್ನೂ ದೊಡ್ಡದೊಂದು ಇದೆ. ದುರ್ಯೋಧನನ ಹೆಂಡತಿ ಭಾನುಮತಿ ಜೊತೆ ಕರ್ಣ ಪಗಡೆ ಆಡುತ್ತಿದ್ದಾನೆ, ಸೋತ ಪಣ ಕೊಡು ಅಂತ ಕಾಡುವಾಗ ಹಾರ ಹರಿದು ಮುತ್ತುಗಳೆಲ್ಲ ನೆಲಕ್ಕೆ ಬೀಳುತ್ತವೆ. ಅದನ್ನು ಕಂಡ ದುರ್ಯೋಧನನಿಗೆ ಒಂದಿಷ್ಟೂ ಸಂಶಯ ಬರುವುದಿಲ್ಲ, 'ಮುತ್ತುಗಳನ್ನು ಆಯ್ದು ಕೊಡಲೇ' ಅಂತ ಕೇಳುತ್ತಾನೆ. ಅಂಥವನನ್ನು ಹೇಗೆ ಬಿಟ್ಟು ಬರಲಿ ಅಂತ ಕರ್ಣ ಕೃಷ್ಣನನ್ನೇ ಕೇಳುತ್ತಾನೆ. ನಾನೂ ಆ ಜಾಗದಲ್ಲಿದ್ದರೆ ಬಿಟ್ಟು ಬರುತ್ತಿರಲಿಲ್ಲ. ನಿನ್ನ ಗೆಳತಿ ಫೀಸು ಕಟ್ಟಿದ್ದು ಸಣ್ಣ ಉಪಕಾರ ಅಲ್ಲ. ಅವಳನ್ನು ಬಿಟ್ಟುಬಿಡು ಅಂತ ನಾನು ಹೇಳುವುದಿಲ್ಲ.

ಆದರೆ ಒಂದು ವಿಷಯ ಯೋಚನೆ ಮಾಡು. ಕುಂತಿ ನದಿ ತೀರಕ್ಕೆ ಬಂದು ಕೇಳಿದಾಗ, ಅರ್ಜುನನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ ಅಂತ ಕರ್ಣ ಮಾತು ಕೊಟ್ಟ. ಯುದ್ಧದಲ್ಲಿ ಅವರು ಕೈಗೆ ಸಿಕ್ಕರೂ ಬಿಟ್ಟ. ದುರ್ಯೋಧನನ ಅನ್ನ ತಿನ್ನುತ್ತಲೇ, ಅವನ ಪರವಾಗಿ ಹೋರಾಡುತ್ತಲೇ ಬಿಟ್ಟ. ಅಂದರೆ ಆ ಋಣದ ಒಳಗೂ ಅವನಿಗೆ ಜಾಗ ಇತ್ತು, ಕೈ ಕಟ್ಟಿಹೋಗಿರಲಿಲ್ಲ. ತಾಯಿ ಕೇಳಿದಾಗ ಸಿಕ್ಕ ಆ ಜಾಗ ದ್ರೌಪದಿ ಕೇಳಿದಾಗ ಯಾಕೆ ಸಿಗಲಿಲ್ಲ? ಸುಮ್ಮನೆ ಕೂತಿದ್ದರೂ ಆಗುತ್ತಿತ್ತಲ್ಲ. ಆ ಮಾತು ಆಡಲಿಲ್ಲ ಅಂತ ದುರ್ಯೋಧನ ರಾಜ್ಯ ವಾಪಸ್ ಕೇಳುತ್ತಿದ್ದನಾ? ನಿನ್ನ ಗೆಳತಿ ಕೇಳುತ್ತಿದ್ದಳಾ?

ಕುಮಾರವ್ಯಾಸನ 'ಕೌರವೇಂದ್ರನ ಕೊಂದೆ ನೀನು' ನಿನಗೆ ಹತ್ತನೇ ಕ್ಲಾಸಿನಲ್ಲಿ ಬಾಯಿಪಾಠ ಇತ್ತು. 'ಕೊರಳ ಸೆರೆ ಹಿಗ್ಗಿದವು' ಅಂತ ನೀನು ಹೇಳುವಾಗ ನಿನ್ನ ಗಂಟಲೂ ಕಟ್ಟುತ್ತಿತ್ತು. ಆ ದಿನಗಳಲ್ಲಾದರೂ ನಾನು ಉಳಿದದ್ದನ್ನು ಹೇಳಬಹುದಿತ್ತು. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಅದೇ ಭೇಟಿಯಲ್ಲಿ, ವ್ಯಾಸರಲ್ಲಿ, ಕರ್ಣ ಕೃಷ್ಣನಿಗೆ ಇನ್ನೊಂದು ಮಾತು ಹೇಳುತ್ತಾನೆ. ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಕಟುವಾದ ಮಾತು ಆಡಿದೆ, ಆ ಕೆಟ್ಟ ಕೆಲಸಕ್ಕೆ ಬೇಯುತ್ತಿದ್ದೇನೆ ಅಂತ. ನೋಡು, ಎರಡೂ ಇದೆ ಅದರಲ್ಲಿ. ಯಾರನ್ನು ಮೆಚ್ಚಿಸಲು ಅಂತಲೂ ಹೇಳಿದ, ಆಡಿದ್ದು ನಾನು ಅಂತಲೂ ಹೇಳಿದ. ದುರ್ಯೋಧನ ಆಡಿಸಿದ ಅನ್ನಲಿಲ್ಲ. ನಾನು ಅವನನ್ನು ಕಾಪಾಡಲು ಪುಟ ಹಾರಿಸುತ್ತಿದ್ದೆ, ಅವನಿಗೆ ಅದು ಬೇಕಿರಲಿಲ್ಲ.

ಇನ್ನೊಂದು ಜಾಗವೂ ಇದೆ. ಯುದ್ಧದ 17ನೇ ದಿನ ರಥದ ಗಾಲಿ ಹೂತುಹೋದಾಗ ನೀನು ಎದ್ದು ಕೂತು ಎರಡೂ ಕೈಯಿಂದ ದಿಂಬು ಎತ್ತುತ್ತಿದ್ದೆ, ಅದೇ ಗಾಲಿ ಅಂತ. ಎತ್ತಿದರೂ ಕೃಷ್ಣ ಬಿಡಲಿಲ್ಲ ಅಂದರೆ 'ಕೃಷ್ಣ ಕೆಟ್ಟವನು' ಅಂತ ಅಳು. ನಾನು ಸಮಾಧಾನ ಮಾಡಿ ಮಲಗಿಸುತ್ತಿದ್ದೆ. ಆ ಹೊತ್ತಿನಲ್ಲಿ ಕೃಷ್ಣ ಅವನನ್ನು ಕೇಳಿದ ಪ್ರಶ್ನೆಯನ್ನು ಹೇಳಲೇ ಇಲ್ಲ. ಒಂದೇ ಬಟ್ಟೆಯಲ್ಲಿದ್ದ ದ್ರೌಪದಿಯನ್ನು ಸಭೆಗೆ ತಂದಾಗ ನಿನ್ನ ಧರ್ಮ ಎಲ್ಲಿ ಹೋಗಿತ್ತು ಅಂತ ಕೇಳಿದ ಕೃಷ್ಣ. ಕರ್ಣ ಉತ್ತರ ಕೊಡಲಿಲ್ಲ, ನಾಚಿಕೆಯಿಂದ ತಲೆ ತಗ್ಗಿಸಿದ. ಪರಶುರಾಮರ ಶಾಪದ ಹೆಸರು ಹೇಳಬಹುದಿತ್ತು. ಇಂದ್ರನ ಮೋಸದ ಹೆಸರು, ಅಮ್ಮ ನೀರಿಗೆ ಬಿಟ್ಟಿದ್ದು, ಎಲ್ಲವೂ ನಿಜವೇ ತಾನೆ? ಯಾವುದನ್ನೂ ಹೇಳಲಿಲ್ಲ. ಆ ತಗ್ಗಿದ ತಲೆಗೇ ನನಗೆ ಇವತ್ತು ಕರ್ಣನ ಮೇಲೆ ಮೊದಲಿಗಿಂತ ಜಾಸ್ತಿ ಪ್ರೀತಿ.

ನಿನಗೂ ಅದು ಸ್ವಲ್ಪ ಇದೆ, ನಾನು ನೋಡಿದ್ದೇನೆ. ವಾರ್ಡನ್ ಕೇಳಿದಾಗ ಬೇರೆಯವರೆಲ್ಲ ಫೋನ್ ಕಳೆದುಹೋಗಿತ್ತು, ಯಾರೋ ಬರೆದರು ಅಂದರಂತೆ. 'ಬರೆದದ್ದು ನಾನೇ' ಅಂದವಳು ನೀನೊಬ್ಬಳೇ. ಅವರು ಅದನ್ನು ಹೇಳುವಾಗ ನನಗೆ ಅಳು ಬಂತು, ಹೆಮ್ಮೆಯೂ ಆಯಿತು. ನಿನ್ನೆ ಕೂಗಾಡುವ ಭರದಲ್ಲಿ ಅದನ್ನು ನಿನಗೆ ಹೇಳುವುದು ಮರೆತೆ. ಅಲ್ಲಿ ಅಷ್ಟು ನೆಟ್ಟಗೆ ನಿಂತವಳು ನನ್ನ ಹತ್ತಿರ ಯಾಕೆ 'ಅವಳು ಹೇಳಿದಳು' ಅಂದೆ? ಅಮ್ಮ ಅಲ್ವಾ, ಬಿಟ್ಟುಬಿಡುತ್ತಾಳೆ ಅಂತಲಾ?

ಫೀಸಿನ ವಿಷಯಕ್ಕೆ ಬರುತ್ತೇನೆ. ಆ ತಿಂಗಳು ನನ್ನ ಕೈಯಲ್ಲಿ ಇರಲಿಲ್ಲ. 'ನೋಡೋಣ, ನೋಡೋಣ' ಅಂತ ದಿನ ದೂಡಿದೆ. ಆಗುವುದಿಲ್ಲ ಅಂತ ಒಂದು ಮಾತು ಮೊದಲೇ ಹೇಳಿದ್ದರೆ ನೀನು ಆಫೀಸಿನಲ್ಲಿ ಗಡುವು ಕೇಳುತ್ತಿದ್ದೆ, ಸಾಲಕ್ಕೆ ಬೇರೆ ದಾರಿ ಹುಡುಕುತ್ತಿದ್ದೆವು. ಅಭಿಮಾನಕ್ಕೆ ಬಿದ್ದು ಮುಚ್ಚಿಟ್ಟೆ. ನೀನು ಕಡೇ ದಿನ ಅವಳ ಮುಂದೆ ಕೈ ಚಾಚಬೇಕಾಯಿತು. ನನ್ನ ಹೆಬ್ಬೆರಳು ಹಿಡಿದು ನೀನು ಕುಂತಿ ಅನ್ನುತ್ತಿದ್ದದ್ದು ಅದಕ್ಕೇ ನಿನ್ನೆ ಅಷ್ಟು ಕಾಡಿತು. ನನ್ನ ಪಾಲು ನನ್ನದು, ಅದನ್ನು ನಾನು ಇಟ್ಟುಕೊಳ್ಳುತ್ತೇನೆ. ದುಡ್ಡು ಈ ತಿಂಗಳು ಅರ್ಧ, ಬರುವ ತಿಂಗಳು ಅರ್ಧ, ನೇರವಾಗಿ ಅವಳ ಮನೆಯವರಿಗೆ ಕಳಿಸುತ್ತೇನೆ. ದುಡ್ಡಿನ ಋಣವನ್ನು ದುಡ್ಡಿನಲ್ಲೇ ತೀರಿಸಬೇಕು ಕಂದ, ಇನ್ನೊಬ್ಬಳ ಮಾನ ಕೊಟ್ಟು ಅಲ್ಲ. ಇನ್ನು ಮುಂದೆ ಯಾರಾದರೂ ನಿನಗೆ ಉಪಕಾರ ಮಾಡಿದರೆ ಅವತ್ತೇ ಬರೆದಿಟ್ಟುಕೋ, ಎಷ್ಟು, ಯಾವಾಗ ವಾಪಸ್ ಅಂತ. ಗುಂಪಿನಲ್ಲಿ ಏನಾದರೂ ಟೈಪ್ ಮಾಡುವ ಮುಂಚೆ ಅದನ್ನು ಅವರ ಎದುರು ಕೂತು ಹೇಳುತ್ತಿದ್ದೆನಾ ಅಂತ ಕೇಳಿಕೋ. ರಾತ್ರಿ ಹನ್ನೊಂದರ ಮೇಲೆ ಫೋನ್ ದೂರ ಇಡು. ನೋಡು, ಉಪದೇಶ ಮಾಡಬಾರದು ಅಂದುಕೊಂಡೇ ಕೂತಿದ್ದೆ, ಶುರುವಾಯಿತು. ನಿನ್ನ ಬಗ್ಗೆ ಭಯ ಆದಾಗಲೆಲ್ಲ ನನ್ನ ಬಾಯಿಗೆ ಇದೇ ಬರುತ್ತದೆ.

ಭಯ ಏನು ಅಂತಲೂ ಹೇಳಿಬಿಡುತ್ತೇನೆ. ಈ ಸಲ ಸಸ್ಪೆನ್ಷನ್ ಮುಗಿಯುತ್ತದೆ, ಎಲ್ಲರೂ ಮರೆಯುತ್ತಾರೆ. ಆರು ಜನರ ಲೆಕ್ಕ ಮಾತ್ರ ನಿನ್ನ ಹತ್ತಿರ ಉಳಿದುಬಿಟ್ಟರೆ? ನಾಳೆ ಕೆಲಸದ ಜಾಗದಲ್ಲಿ, ಸಂಸಾರದಲ್ಲಿ ಏನೇ ಆದರೂ ಬೆರಳು ಮಡಚಿ ಹೆಸರು ಹೇಳುತ್ತಾ ಹೋದರೆ? ನಿನ್ನ ಹೆಸರಿಗೆ ಬೆರಳೇ ಉಳಿಯುವುದಿಲ್ಲ. ಆ ಲೆಕ್ಕ ಕಲಿಸಿದವಳು ನಾನಲ್ವಾ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಒಂದು ಕೆಲಸ ಮಾಡು. ಆ ಹುಡುಗಿಗೆ ಕೈಯಾರೆ ಒಂದು ಪತ್ರ ಬರೆ. ಕಾಲೇಜಿನವರು ಹೇಳಿದ ಕ್ಷಮಾಪಣೆ ಪತ್ರ ಬೇರೆ, ಅದು ಫೈಲಿಗೆ. ಇದು ಅವಳಿಗೆ. ಇದರಲ್ಲಿ ನಿನ್ನ ಗೆಳತಿಯ ಹೆಸರು ಬರಬಾರದು, ಫೀಸಿನ ಮಾತು ಬರಬಾರದು, ನನ್ನದೂ ಬರಬಾರದು. ಅವಳು ಓದದೆ ಹರಿದು ಹಾಕಿದರೆ ಹಾಕಲಿ, ಅದು ಅವಳ ಹಕ್ಕು. 'ಅಳಿಸಿಬಿಡಿ' ಅಂದಳಲ್ಲ, ಅವಳ ಹತ್ತಿರವೂ ಹೋಗಿ ಮಾತಾಡು.

ಶುಕ್ರವಾರ ಬಾ. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ. ಅಪ್ಪನಿಗೆ ನಿನಗೆ ಜ್ವರ, ಅದಕ್ಕೇ ಬರುತ್ತಿದ್ದಾಳೆ ಅಂತ ಹೇಳಿಬಿಟ್ಟಿದ್ದೇನೆ. ಪಾಪ, ಬೆಳಗ್ಗೆಯಿಂದ ಎರಡು ಸಲ ಕೇಳಿದರು, ಜ್ವರ ಇಳಿಯಿತಾ ಅಂತ. ಮತ್ತೆ ಪುಟ ಹಾರಿಸಿದೆ ನೋಡು. ಜ್ವರ ಇಲ್ಲ ಅಂತ ಇವತ್ತು ರಾತ್ರಿ ನಾನೇ ಅವರಿಗೆ ಹೇಳುತ್ತೇನೆ. ಉಳಿದದ್ದನ್ನು ನೀನು ಬಂದು ಹೇಳು.

ನಿನ್ನ
ಅಮ್ಮ