‘ಹತ್ತೋಕೆ ಅಲ್ಲ’ ಅಂತ ಬರೆದ ಕೊಕ್ಕೆ

ಮಾನ್ಯ ಸಂಪಾದಕರೇ,

ಕಾಳುಮೆಣಸು ಕೊಯ್ಯುವವರಿಗೆ, ಮರಗಸಿ (ಕಾಫಿ ತೋಟದ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವವರಿಗೆ ಭಂಡ ಧೈರ್ಯ ಜಾಸ್ತಿ, ಜೀವದ ಬೆಲೆಯೇ ಗೊತ್ತಿಲ್ಲ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಕಾಳಜಿ ದೊಡ್ಡದು, ಬೇಡ ಅನ್ನುವುದಿಲ್ಲ. ಆದರೆ ಅವರು ಒಂದು ದಿನವಾದರೂ ಮರದ ಬುಡದಲ್ಲಿ ನಿಂತು ಹತ್ತುವವರ ಮಾತು ಕೇಳಿದ ಹಾಗೆ ಕಾಣಲಿಲ್ಲ. ನಾನು ಕೇಳಿದ್ದೇನೆ. 31 ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿದವನು. ಈಗ ಸೋಮವಾರಪೇಟೆ ಕಡೆ ಮೂರೂವರೆ ಎಕರೆ ರೋಬಸ್ಟಾ ಕಾಫಿ, ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಒಂದಷ್ಟು ಪಣಿಯೂರು ತಳಿಯ ಮೆಣಸಿನ ಬಳ್ಳಿ ನೋಡಿಕೊಂಡಿದ್ದೇನೆ. ಮೊಣಕಾಲು ಕೈಕೊಟ್ಟ ಮೇಲೆ ನನ್ನ ಪಾಲಿಗೆ ಉಳಿದಿರುವುದು ಕೆಳಗೆ ನಿಂತು ಮೇಲಿನವರಿಗೆ ಬುದ್ಧಿ ಹೇಳುವ ಕೆಲಸ.

ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ನಮ್ಮಲ್ಲಿ ಮರಗಸಿಗೆ ಬರುವವನು ಒಬ್ಬನೇ. 52 ಕೆ.ಜಿ. ಆಳು. ಹಾಲುವಾಣದ ಮರಕ್ಕೆ ಅವನು ಏರುವುದನ್ನು ನೋಡಿದರೆ ಮರವೇ ಅವನನ್ನು ಎತ್ತಿಕೊಂಡ ಹಾಗೆ ಇರುತ್ತದೆ. ಈ ಸಲ ಅವನು ಬಂದ ದಿನವೇ ಬೆಂಗಳೂರಿನಿಂದ ನನ್ನ ತಂಗಿಯ ಮಗನೂ ಬಂದಿದ್ದ. ಅವನು ಕೆಲಸಕ್ಕೆ ಕಂಪ್ಯೂಟರು, ರಜೆಗೆ ರಾಮನಗರದ ಬಂಡೆ. ಕಾರಿನ ಡಿಕ್ಕಿ ತುಂಬ ಬಣ್ಣಬಣ್ಣದ ಹಗ್ಗ, ಕ್ಯಾರಬಿನರು ಎಂಬ ಬಾಗಿಲಿರುವ ಲೋಹದ ಕೊಂಡಿ, ಮೈಗೆ ತೊಡುವ ಪಟ್ಟಿಗಳ ಹಾರ್ನೆಸ್ಸು. ಹೀಗೆ ಕಂಬ ಹತ್ತುವವನು, ಮರ ಹತ್ತುವವನು, ಬಂಡೆ ಹತ್ತುವವನು ಮೂವರೂ ಒಂದೇ ಮರದ ಕೆಳಗೆ ಬೆಲ್ಲದ ಕಾಫಿ ಹಿಡಿದು ಕೂತೆವು.

ಅಳಿಯನ ಕಣ್ಣು ಮೊದಲು ಬಿದ್ದದ್ದು ಕಸಿಯವನ ನೀಲಿ ಪ್ಲಾಸ್ಟಿಕ್ ಹಗ್ಗದ ಮೇಲೆ.

“ಅಣ್ಣ, ಈ ಹಗ್ಗಕ್ಕೆ ಎಷ್ಟು ವರ್ಷ?”

“ನನ್ನ ದೊಡ್ಡ ಮಗಳಿಗಿಂತ ಚಿಕ್ಕದು, ಮನೆಯ ಹಸುವಿಗಿಂತ ದೊಡ್ಡದು.”

ಸೊಂಟದಲ್ಲಿದ್ದದ್ದು ಗುಜರಿಗೆ ಹೋದ ಮಾರುತಿ 800 ಕಾರಿನ ಸೀಟ್ ಬೆಲ್ಟು. ಅಳಿಯ ಅದನ್ನು ಮುಟ್ಟಿ ನೋಡಿ ಮುಖ ಹುಳ್ಳಗೆ ಮಾಡಿದ. “ಕಾರು ಗುಜರಿಗೆ ಹೋಯ್ತು, ಬೆಲ್ಟು ಉಳೀತು. ಯಾವುದು ಗಟ್ಟಿ ಅಂತ ನೀವೇ ಹೇಳಿ” ಅಂದ ಕಸಿಯವನು. ಬೆಲ್ಟಿಗೂ ಹಗ್ಗಕ್ಕೂ ನಡುವೆ 8 ಎಂಎಂ ಕಂಬಿಯನ್ನು ವೆಲ್ಡಿಂಗ್ ಶಾಪಿನಲ್ಲಿ ಬಗ್ಗಿಸಿ ಮಾಡಿಸಿದ ಒಂದು ಕೊಕ್ಕೆ. ಅದಕ್ಕೆ ಬಾಗಿಲಿಲ್ಲ, ಚಿಲಕವಿಲ್ಲ. ಅಳಿಯ ತನ್ನ ಕ್ಯಾರಬಿನರನ್ನು ಪಕ್ಕಕ್ಕಿಟ್ಟು ತೋರಿಸಿದ. ಅದರ ಬೆನ್ನ ಮೇಲೆ 22 ಕೆಎನ್ (ಕಿಲೋನ್ಯೂಟನ್) ಎಂದು ಕೊರೆದಿತ್ತು. ಸುಮಾರು 2,200 ಕೆ.ಜಿ. ಎಳೆತ ತಡೆಯುತ್ತದೆ, ಆದರೆ ಬಾಗಿಲು ತೆರೆದುಕೊಂಡಿದ್ದರೆ ಆ ತಾಕತ್ತು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದು ವಿವರಿಸಿದ. ಕಸಿಯವನು ತನ್ನ ಕೊಕ್ಕೆಯನ್ನು ಎತ್ತಿ ಹಿಡಿದು, “ನಂದಕ್ಕೆ ಬಾಗಿಲೇ ಇಲ್ಲ. ಹಾಗಾಗಿ ತೆರೆದುಕೊಳ್ಳುತ್ತೆ ಅನ್ನೋ ಹೆದರಿಕೇನೂ ಇಲ್ಲ” ಅಂದ.

ಅಳಿಯ ಸೋಲಲಿಲ್ಲ. ಆ ನೀಲಿ ಹಗ್ಗದ ತುದಿಯನ್ನು ಸಿಲ್ವರ್ ಮರಕ್ಕೆ ಬಿಗಿಯಾಗಿ ಕಟ್ಟಿದ. ಒಂದು ಸಣ್ಣ ನೈಲಾನ್ ದಾರವನ್ನು ಅದರ ಮೇಲೆ ಹಾಯಿಸಿ, ಎರಡೂ ತುದಿ ಹಿಡಿದು ಗರಗಸದ ಹಾಗೆ ಎಳೆಯತೊಡಗಿದ. ಅರ್ಧ ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಇನ್ನೊಂದಿಷ್ಟು ಹೊತ್ತಿಗೆ ಬೆರಳು ಗಾತ್ರದ ಹಗ್ಗ ಬಾಳೆದಿಂಡಿನ ಹಾಗೆ ತುಂಡಾಯಿತು. ಚಾಕುವಿಲ್ಲ, ಕತ್ತಿಯಿಲ್ಲ. ಒಂದೇ ಜಾಗ ಉಜ್ಜಿದರೆ ಬಿಸಿಗೆ ಕರಗುತ್ತದೆ, ಈ ಪ್ಲಾಸ್ಟಿಕ್ಕಿಗೆ 165 ಡಿಗ್ರಿ ಆಸುಪಾಸು ಸಾಕು ಎಂದ ಅಳಿಯ. ನನಗೆ ನಿಜಕ್ಕೂ ಗಾಬರಿಯಾಯಿತು, ಕೊಂಬೆ ಇಳಿಸುವಾಗ ಹಗ್ಗದ ಮೇಲೆ ಹಗ್ಗ ಜಾರುವುದನ್ನು ಎಷ್ಟು ವರ್ಷದಿಂದ ನೋಡಿಕೊಂಡು ಬಂದಿದ್ದೇನೆ! ಕಸಿಯವನು ಮಾತ್ರ ತುಂಡಾದ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಛೆ, ಕತ್ತಿಗೆ ಕೊಟ್ಟ ದುಡ್ಡು ದಂಡ ಆಯ್ತಲ್ಲ ಮಾರಾಯ್ರೆ, ದಾರದಲ್ಲೇ ಕಸಿ ಮಾಡಬಹುದಿತ್ತು” ಅಂದ.

ಓದುಗ ಮಿತ್ರರು ಇದನ್ನೇ ಭಂಡತನ ಅನ್ನುವುದು. ಆದರೆ ಮಾರನೇ ದಿನ ಅವನು ಹತ್ತುವ ಹಗ್ಗ ಬೇರೆ, ಕೊಂಬೆ ಇಳಿಸುವ ಹಗ್ಗ ಬೇರೆ ಮಾಡಿಕೊಂಡು ಬಂದಿದ್ದ. ಯಾರೂ ಹೇಳಿರಲಿಲ್ಲ. ಹತ್ತುವವರು ತಮ್ಮ ಸಾಮಾನಿನ ಬಗ್ಗೆ ನಗುವುದು ಅದು ಗಟ್ಟಿ ಇಲ್ಲ ಎಂದು ಗೊತ್ತಿರುವುದರಿಂದಲೇ. ಯಾವ ಗಂಟು ಜಾರುತ್ತದೆ, ಯಾವ ಕೊಂಬೆ ಮೋಸ ಮಾಡುತ್ತದೆ ಎಂಬ ಲೆಕ್ಕವೆಲ್ಲ ಆ ತಮಾಷೆಯಲ್ಲೇ ಇರುತ್ತದೆ.

ಹಾಗೆಂದು ತಮಾಷೆ ಜೀವ ಉಳಿಸುತ್ತದೆ ಅಂತಲ್ಲ. ನನ್ನದೇ ಹೇಳುತ್ತೇನೆ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಒಂದು ರಾತ್ರಿ ತಂತಿ ಮೇಲೆ ಮರ ಬಿದ್ದು ಊರೆಲ್ಲ ಕತ್ತಲು. ಸೇಫ್ಟಿ ಬೆಲ್ಟ್ ತೆಗೆದು ನೋಡಿದರೆ ಹೊಲಿಗೆಯ ಜಾಗವನ್ನು ಇಲಿ ತಿಂದಿತ್ತು. ಅದನ್ನು ಮೊಳೆಗೆ ನೇತುಹಾಕುವ ಬದಲು ಮೂಟೆಯ ಮೇಲೆ ಬಿಸಾಡಿ ಹೋದವನು ನಾನೇ. “ಇಲಿಗೂ ಸೇಫ್ಟಿ ಬೇಕಲ್ಲಪ್ಪ” ಎಂದು ಜೊತೆಯವನು ನಗಿಸಿದ, ನಾನೂ ನಕ್ಕೆ. ಬೈಂಡಿಂಗ್ ವೈರಿನಲ್ಲಿ ನಾಲ್ಕು ಸುತ್ತು ಬಿಗಿದು ಹತ್ತಿದೆ. ಎಲ್‌ಸಿ (ಲೈನ್ ಆಫ್ ಆಗಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ತೆಗೆದುಕೊಂಡಿದ್ದೆ, ತಂತಿಯ ಕರೆಂಟನ್ನು ನೆಲಕ್ಕಿಳಿಸುವ ಅರ್ಥ್ ರಾಡ್ ಹಾಕಿದ್ದೆ, ಅದರಲ್ಲೆಲ್ಲ ಲೋಪವಿಲ್ಲ. ಮೇಲೆ ಹೋಗಿ ಹಿಂದಕ್ಕೆ ಒರಗಿದ್ದೇ ತಡ, ಆ ನಾಲ್ಕು ಸುತ್ತಿನಲ್ಲಿ ಎರಡು ಬಿಚ್ಚಿಕೊಂಡು ಒಂದು ಗೇಣು ಕೆಳಗೆ ಜಗ್ಗಿದೆ. ಒಂದೇ ಗೇಣು. ಕಂಬವನ್ನು ತಬ್ಬಿಕೊಂಡು ಎಷ್ಟು ಹೊತ್ತು ಹಾಗೇ ಇದ್ದೆನೋ ತಿಳಿಯದು. ಕೆಳಗಿನಿಂದ ಜೊತೆಯವನು “ಏನಾಯ್ತು?” ಅಂದರೆ ಬಾಯಿಂದ ಸ್ವರ ಬರಲಿಲ್ಲ. ಮನೆಯವಳಿಗೆ ಇದನ್ನು ಹೇಳಿದ್ದು ನಿವೃತ್ತಿಯಾದ ಮೇಲೆ.

ಅಳಿಯ ಇದಕ್ಕೆ ಇನ್ನೊಂದು ಕತೆ ಸೇರಿಸಿದ. 1865ರ ಜುಲೈಯಲ್ಲಿ ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏಳು ಜನ ಹತ್ತಿದರಂತೆ. ಇಳಿಯುವಾಗ ಒಬ್ಬ ಜಾರಿದ, ಹಗ್ಗ ತುಂಡಾಗಿ ನಾಲ್ವರು ಸತ್ತರು. ಅವರ ಹತ್ತಿರ ಇನ್ನೂ ಗಟ್ಟಿಯಾದ ಹಗ್ಗಗಳಿದ್ದವು. ತುಂಡಾದ ಜಾಗದಲ್ಲಿ ಕಟ್ಟಿದ್ದದ್ದು ಇದ್ದುದರಲ್ಲೇ ಸಪೂರದ ಹಳೆಯ ಹಗ್ಗ. ಕಸಿಯವನು ಕಾಫಿ ಲೋಟ ಕೆಳಗಿಟ್ಟು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಒಳ್ಳೇ ಹಗ್ಗ ಸವೀಬಾರದು ಅಂತ ಎತ್ತಿಟ್ಟಿರ್ತಾರೆ. ನಮ್ಮವರ ಹಾಗೇ” ಅಂದ.

ಈಗ ಈ ಪತ್ರ ಬರೆಯಲು ಕಾರಣವಾದ ವಿಷಯ. ಅದೇ ವಾರ ನಮ್ಮ ಕಸಿಯವನನ್ನು ಹತ್ತಿರದ ಒಂದು ಹೋಂಸ್ಟೇಯವರು, ತಂತಿಗೆ ನೇತುಬಿದ್ದು ಜಾರುವ ಜಿಪ್‌ಲೈನಿನ ದಾರಿಗೆ ಅಡ್ಡ ಬಂದ ಕೊಂಬೆ ಕಡಿಯಲು ಕರೆದಿದ್ದರು. ಹೆಸರು ಬೇಡ, ಅವರ ಮೇಲೆ ನನಗೆ ಹಗೆಯಿಲ್ಲ. ಅಳಿಯನಿಗೆ ಕುತೂಹಲ, ನನಗೆ ಹೊತ್ತು ಹೋಗದು, ಮೂವರೂ ಹೋದೆವು.

ತಂತಿಯನ್ನು ಒಂದು ಸಿಲ್ವರ್ ಮರದಿಂದ ಇನ್ನೊಂದಕ್ಕೆ ಎಳೆದಿದ್ದರು. ಮಳೆಗಾಲದ ಗಾಳಿಗೆ ಸಿಲ್ವರ್ ಹೇಗೆ ಪಟಕ್ಕನೆ ಮುರಿಯುತ್ತದೆ ಎಂಬುದು ಕೊಡಗಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದು ಹೋಗಲಿ. ಕಂಬ ವಾಲದಂತೆ ಎಳೆದು ಕಟ್ಟುವ ಸ್ಟೇ ವೈರ್ ಬಿಗಿದೇ ಆಯುಷ್ಯ ಕಳೆದ ನನ್ನ ಕಣ್ಣು ನೇರ ಕ್ಲ್ಯಾಂಪಿಗೆ ಹೋಯಿತು. ತಂತಿಯನ್ನು ಮರಕ್ಕೆ ಸುತ್ತಿ ತುದಿಯನ್ನು ಹಿಂದಕ್ಕೆ ಮಡಚಿ ಕ್ಲ್ಯಾಂಪ್ ಹಾಕುವಾಗ ಒಂದು ಕ್ರಮವಿದೆ. ಭಾರ ಹೊರುವ ತಂತಿ ಕ್ಲ್ಯಾಂಪಿನ ಅಗಲವಾದ ತೋಡಿನಲ್ಲಿ ಮಲಗಬೇಕು. ಯು ಬೋಲ್ಟು ಕಚ್ಚಬೇಕಾದ್ದು ಮಡಚಿದ ತುದಿಯನ್ನು, ಯಾಕೆಂದರೆ ಬೋಲ್ಟು ಕಚ್ಚಿದ ಕಡೆ ಎಳೆಗಳು ನಜ್ಜಾಗುತ್ತವೆ. ನಮಗೆ ಕಲಿಸಿದ ಹಿರಿಯರು “ದುಡಿಯುವವನಿಗೆ ಹಾಸಿಗೆ, ಸುಮ್ಮನೆ ಕೂತವನಿಗೆ ಬೋಲ್ಟು” ಅನ್ನುತ್ತಿದ್ದರು. ಇಲ್ಲಿ ತಿರುಗಾಮುರುಗಾ ಆಗಿತ್ತು, ಅದೂ ಮೂರರ ಪೈಕಿ ಎರಡು. ಮೂರನೆಯದು ಸರಿ ಕೂತಿದ್ದು ಬಹುಶಃ ಆಕಸ್ಮಿಕ.

ಅಳಿಯ ಸ್ಟೋರ್ ರೂಮಿಗೆ ಹೋಗಿ ಬಂದು ತಲೆ ಚಚ್ಚಿಕೊಂಡ. ಹಾರ್ನೆಸ್ಸು, ಹಗ್ಗ ಎಲ್ಲವನ್ನೂ ಇನ್ವರ್ಟರ್ ಬ್ಯಾಟರಿಯ ಪಕ್ಕದಲ್ಲೇ ಪೇರಿಸಿಟ್ಟಿದ್ದಾರಂತೆ. ಬ್ಯಾಟರಿಯ ಆಸಿಡ್ ತಾಗಿದರೆ ನೈಲಾನು ಒಳಗಿಂದೊಳಗೇ ಸತ್ತು ಹೋಗುತ್ತದೆ, ಹೊರಗೆ ಬಣ್ಣವೂ ಮಾಸದೆ ಇರಬಹುದು ಎಂದ.

ಅಷ್ಟರಲ್ಲಿ ಹತ್ತು ವರ್ಷದ ಒಂದು ಹುಡುಗಿಗೆ ಹಾರ್ನೆಸ್ ತೊಡಿಸುತ್ತಿದ್ದರು. ಮುಖ್ಯ ಕೊಂಡಿ ಪರವಾಗಿಲ್ಲ. ಅದು ಕೈಕೊಟ್ಟರೆ ಇರಲಿ ಎಂದು ಹಾಕಿದ ಎರಡನೆಯ ಪಟ್ಟಿಗೆ ಇದ್ದದ್ದು ಕೆಂಪು ಬಣ್ಣದ, ಮಿರಮಿರ ಮಿಂಚುವ ಒಂದು ಪುಟ್ಟ ಕೊಕ್ಕೆ. ಅದರ ಮೇಲೆ ಇಂಗ್ಲಿಷಿನಲ್ಲಿ ಏನೋ ಅಚ್ಚು. ಮರದ ಮೇಲಿದ್ದ ಕಸಿಯವನು ಅಳಿಯನನ್ನು ಕೂಗಿ ಕೇಳಿದ.

“ಅದ್ರಲ್ಲಿ ಏನು ಬರ್ದಿದೆ?”

“ನಾಟ್ ಫಾರ್ ಕ್ಲೈಂಬಿಂಗ್ ಅಂತ ಅಣ್ಣ. ಬೀಗದ ಕೈ ಸಿಕ್ಕಿಸೋ ಕೊಕ್ಕೆ ಇದು.”

“ಅಂದ್ರೆ?”

“ಹತ್ತೋಕೆ ಅಲ್ಲ ಅಂತ.”

“ಹಾಗಾದ್ರೆ ಇಳಿಯೋಕೆ ಇರ್ಬೇಕು!”

ನಾವು ಮೂವರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತಾಗ ಆ ಹುಡುಗಿಯೂ ನಮ್ಮನ್ನು ನೋಡಿ ನಗುತ್ತಿದ್ದಳು. ಏನಂತ ಗೊತ್ತಿಲ್ಲದೆ. ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು ನನಗೆ. ನಮ್ಮ ಕಸಿಯವನಿಗೆ ತನ್ನ ಕಂಬಿ ಕೊಕ್ಕೆಯ ಹಣೆಬರಹ ಗೊತ್ತು, ಅದಕ್ಕೇ ಒಂದು ಕೈಯಲ್ಲಿ ಯಾವಾಗಲೂ ಕೊಂಬೆ ಹಿಡಿದಿರುತ್ತಾನೆ. ಈ ಮಗುವಿಗೆ, ಫೋನ್ ಹಿಡಿದು ನಿಂತ ಅವಳ ಅಪ್ಪ ಅಮ್ಮನಿಗೆ ಗೊತ್ತಿರುವುದು ಕೊಕ್ಕೆಯ ಬಣ್ಣ ಮಾತ್ರ.

ಹುಡುಗಿಯನ್ನು ಹತ್ತಿಸಲು ಬಿಡಲಿಲ್ಲ. ಅಳಿಯ ತನ್ನ ಕ್ಯಾರಬಿನರ್ ಕೊಡುತ್ತೇನೆ ಎಂದ. ನಾನು ಅದೂ ಬೇಡ, ಮೊದಲು ಕ್ಲ್ಯಾಂಪ್ ಸರಿಯಾಗಲಿ ಎಂದೆ. ಸ್ವಲ್ಪ ಗಲಾಟೆಯೇ ಆಯಿತು. “ಅಂಕಲ್, ಎರಡು ವರ್ಷ ಆಯ್ತು, ಒಬ್ರೂ ಬಿದ್ದಿಲ್ಲ” ಎಂದರು ಮಾಲೀಕರು. ನನ್ನ ಬೈಂಡಿಂಗ್ ವೈರೂ ಆ ಗೇಣು ಜಗ್ಗುವವರೆಗೆ ಗಟ್ಟಿಯಾಗಿಯೇ ಇತ್ತು ಎಂದೆ. ಮಾಲೀಕರು ಸಣ್ಣ ಪ್ರಾಯದವರು, ಸಾಲ ಮಾಡಿ ಶುರು ಮಾಡಿದ್ದಾರೆ. ಆ ದಿನ ಮುಖ ದಪ್ಪ ಮಾಡಿಕೊಂಡರೂ ಮರುದಿನ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ನನ್ನನ್ನು ಕರೆಯಲು ಬಂದರು ಅನ್ನುವುದನ್ನೂ ಹೇಳಬೇಕು. ಹೊಸ ಕ್ಲ್ಯಾಂಪ್ ತರಿಸಿ, ಕ್ರಮದಲ್ಲಿ ಹಾಕಿ, ಬ್ಯಾಟರಿಯನ್ನು ಬೇರೆ ಕೋಣೆಗೆ ಸಾಗಿಸಿದೆವು. ಅಲ್ಲಿದ್ದ ಹಗ್ಗ ಹಾರ್ನೆಸ್ಸನ್ನು ನಂಬುವ ಹಾಗಿಲ್ಲ, ಹೊಸತು ಬರುವವರೆಗೆ ಜಿಪ್‌ಲೈನ್ ಬಂದ್. ಮರ ಮಾತ್ರ ಈಗಲೂ ಸಿಲ್ವರೇ, ಅದಕ್ಕೆ ಇನ್ನೂ ಜಗಳ ನಡೆದಿದೆ.

ಆದರೆ ಎಲ್ಲ ಕಡೆಗೂ ಮೊಣಕಾಲು ನೋವಿನ ಲೈನ್‌ಮನ್ ಹೋಗಲು ಆಗದು. ನಾನು ಕೇಳುವುದು ದೊಡ್ಡದೇನಲ್ಲ. ದುಡ್ಡು ತೆಗೆದುಕೊಂಡು ಜನರನ್ನು ಹಗ್ಗಕ್ಕೆ ನೇತುಹಾಕುವ ಪ್ರತಿಯೊಂದು ಜಾಗದಲ್ಲೂ ಆ ಹಗ್ಗ, ಆ ಬೆಲ್ಟು ಯಾವ ತಿಂಗಳು ಬಂತು, ಕೊನೆಗೆ ಯಾರು ಯಾವಾಗ ಪರೀಕ್ಷೆ ಮಾಡಿದರು ಎಂದು ಕನ್ನಡದಲ್ಲಿ ಬರೆದ ಹಲಗೆ ಟಿಕೆಟ್ ಕೊಡುವಲ್ಲೇ ಇರಲಿ. ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಕು ನೋಡಿ ಕೊಳ್ಳುವ ನಾವು ಜೀವ ಕೊಡುವ ಹಗ್ಗದ ತಾರೀಕು ಕೇಳಬಾರದೇ? ಜಿಲ್ಲಾಡಳಿತ ಪರವಾನಗಿ ಕೊಡುವಾಗ ಇದನ್ನು ಒಂದು ಷರತ್ತು ಮಾಡಿದರೆ ಯಾರಿಗೂ ನಷ್ಟವಿಲ್ಲ.

ತೋಟದ ಮಾಲೀಕರಿಗೂ, ಅಂದರೆ ನನಗೂ ಸೇರಿಸಿಯೇ ಒಂದು ಮಾತು. ಬೆಲ್ಟಿಗೆ, ಹಾರ್ನೆಸ್ಸಿಗೆ ನಮ್ಮ ದೇಶದಲ್ಲೇ ಐಎಸ್ 3521 ಎಂಬ ಮಾನದಂಡ ಇದೆ, ಗುರುತು ನೋಡಿ ಕೊಂಡರಾಯಿತು. ಒಳ್ಳೆಯ ಹಗ್ಗ, ಹಾರ್ನೆಸ್ ಎಲ್ಲ ಸೇರಿದರೂ ಇಪ್ಪತ್ತು ಮೂವತ್ತು ಕೆ.ಜಿ. ಮೆಣಸಿನ ದುಡ್ಡು. ಇಷ್ಟು ವರ್ಷ ಅವನ ನೀಲಿ ಹಗ್ಗ ನೋಡಿ ನಕ್ಕು ಸುಮ್ಮನಾದವನು ನಾನೇ ಅಲ್ಲವೇ? ಇನ್ನು ಅಲ್ಯೂಮಿನಿಯಂ ಏಣಿಯ ವಿಷಯದಲ್ಲಿ ಮಾತ್ರ ನನಗೆ ತಮಾಷೆ ಬರುವುದಿಲ್ಲ. ತೋಟದೊಳಗೆ ಹಾದುಹೋಗುವ 11 ಕೆವಿ ತಂತಿ 30 ಅಡಿಯ ಏಣಿ ಎತ್ತಿ ನಿಲ್ಲಿಸಿದರೆ ಸುಲಭವಾಗಿ ಸಿಗುವ ಎತ್ತರದಲ್ಲೇ ಇರುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಏಣಿಯನ್ನು ಮಲಗಿಸಿಯೇ ಸಾಗಿಸಿ. ತಂತಿಯ ಕೆಳಗಿನ ಸಾಲಿನ ಮೆಣಸಿಗೆ ಲೈನ್ ಆಫ್ ಮಾಡಿಸಿದ ಮೇಲೆಯೇ ಹೋಗಿ, ಇಲ್ಲವಾದರೆ ಆ ಮೆಣಸು ಹಕ್ಕಿಗೆ ಇರಲಿ. ಏಣಿ ಹಿಡಿದೇ ಜೀವ ಕಳೆದುಕೊಂಡವರನ್ನು ಇಳಿಸಿ ಕೊಟ್ಟ ಕೈ ಇದು.

ಅಳಿಯ ಹೊರಡುವ ಮೊದಲು ತನ್ನ ಒಂದು ಹಗ್ಗಕ್ಕೆ ವಯಸ್ಸಾಯಿತು ಎಂದು ಅದನ್ನು ಕತ್ತರಿಸಿ ನಾಲ್ಕಾರು ತುಂಡು ಮಾಡಿದ. ಇಡೀ ಬಿಟ್ಟರೆ ಯಾರಾದರೂ ಮತ್ತೆ ಹತ್ತಲು ಬಳಸುತ್ತಾರೆ, ಅದಕ್ಕೆ ಹೀಗೆ ಮಾಡುವುದೇ ಪದ್ಧತಿಯಂತೆ. ಕಸಿಯವನಿಗೆ ಹೊಟ್ಟೆ ಉರಿದುಹೋಯಿತು. “ನನ್ನ ಹಗ್ಗಕ್ಕಿಂತ ಇದೇ ಹೊಸತಲ್ಲ!” ಎನ್ನುತ್ತ ಉದ್ದದ ಒಂದು ತುಂಡನ್ನು ಹೆಗಲಿಗೆ ಹಾಕಿಕೊಂಡು ಹೋದ. ಮೊನ್ನೆ ಅವನ ಮನೆಗೆ ಹೋಗಿದ್ದೆ. ಕೆಂಪು ಹಸಿರು ಎಳೆಯ ಆ ವಿದೇಶಿ ಹಗ್ಗದಲ್ಲಿ ಕರುವನ್ನು ಕಟ್ಟಿದ್ದಾನೆ. ಗಂಟು ಮಾತ್ರ ಅಳಿಯ ಕಲಿಸಿದ್ದೇ, ಎಂಟರ ಆಕಾರದ್ದು. “ನೋಡಿ ಲೈನ್‌ಮನಣ್ಣ, ಇನ್ನು ಇದು ಬಂಡೆಯಿಂದ ಹಾರಿದ್ರೂ ಏನೂ ಆಗಲ್ಲ” ಅಂದ.

ಇತಿ,
ಒಬ್ಬ ನಿವೃತ್ತ ಲೈನ್‌ಮನ್,
ಸೋಮವಾರಪೇಟೆ ತಾಲ್ಲೂಕು, ಕೊಡಗು