ಶಾಸಕರಿಗೊಂದು ಬಹಿರಂಗ ಪತ್ರ: ನೋಟಿಸಿನ ಅಕ್ಷರ ಓದುವಂತಿರಲಿ

ಮಾನ್ಯ ಶಾಸಕರೇ,

ನಮಸ್ಕಾರ. ನಮ್ಮ ತಾಲ್ಲೂಕು ಕಚೇರಿಯಿಂದ ಹೊರಡುವ ನೋಟಿಸುಗಳನ್ನು 14 ಪಾಯಿಂಟ್ ಅಕ್ಷರದಲ್ಲಿ, ಸಾಲುಗಳ ನಡುವೆ ಸಾಕಷ್ಟು ಜಾಗ ಬಿಟ್ಟು ಮುದ್ರಿಸಲು ಹೇಳಿ. ಇಷ್ಟನ್ನೇ ಕೇಳಿ ನಾಲ್ಕು ವರ್ಷಗಳಲ್ಲಿ ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ಸ್ವೀಕೃತಿ ಸಿಕ್ಕಿದೆ, ಉತ್ತರ ಸಿಕ್ಕಿಲ್ಲ.

ಕಳೆದ ಆಷಾಢದಲ್ಲಿ ನಮ್ಮ ಜಮೀನಿನ ಖಾತೆ ತಕರಾರಿನ ನೋಟಿಸ್ ಬಂತು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುರುಕಲು ಅಕ್ಷರವನ್ನು ಎಂಟಕ್ಕೋ ಒಂಬತ್ತಕ್ಕೋ ಇಳಿಸಿದ್ದರು. ಸಾಲದ್ದಕ್ಕೆ ಮೊದಲಿನಿಂದ ಕೊನೆಯವರೆಗೂ ದಪ್ಪಕ್ಷರ. ನನಗೆ ಬಂದದ್ದು ಅದರ ಜೆರಾಕ್ಸಿನ ಜೆರಾಕ್ಸ್. ‘ಷ’ದ ಹೊಟ್ಟೆಯೊಳಗಿನ ಗೀಟು ಮಸಿಯಲ್ಲಿ ಮುಳುಗಿತ್ತು. ೬ ಮತ್ತು ೯ಕ್ಕೆ ಇರುವುದೇ ಒಂದು ಬಾಲದ ತಿರುವಿನಷ್ಟು ವ್ಯತ್ಯಾಸ, ಅದೂ ಅಳಿಸಿಹೋಗಿತ್ತು.

ವಿಚಾರಣೆ ೯ಕ್ಕೆ ಎಂದು ಓದಿಕೊಂಡೆ. ಹೆಂಡತಿಯೂ ೯ ಎಂದಳು. ಪಕ್ಕದ ಮನೆಯ ಕಾಲೇಜು ಹುಡುಗ ಮೊಬೈಲಿನಲ್ಲಿ ಫೋಟೊ ತೆಗೆದು, ಹಿಗ್ಗಿಸಿ ನೋಡಿ, “೯ ಅಜ್ಜ” ಎಂದ. ಸುರಿಯುವ ಮಳೆಯಲ್ಲಿ ಎರಡು ಬಸ್ ಬದಲಿಸಿ ಹೋದರೆ, ವಿಚಾರಣೆ ೬ಕ್ಕೇ ಮುಗಿದಿತ್ತು. ನನ್ನ ಹೆಸರಿನ ಮುಂದೆ ‘ಗೈರುಹಾಜರು’. ಮೇಜಿನ ಹಿಂದೆ ಕುಳಿತವರು ತಲೆಯನ್ನೂ ಎತ್ತದೆ ಕೇಳಿದರು: “ಯಜಮಾನರೇ, ನಿಮಗೆ ಓದಲು ಬರುವುದಿಲ್ಲವೇ?”

ನಾನು 31 ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸಿದವನು, ಸ್ವಾಮಿ. ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಅಕ್ಷರಗಳನ್ನು ಸರಾಗವಾಗಿ ಓದಿದ ಕಣ್ಣು ಇದು. ಆ ಮಾತು ಇನ್ನೂ ಎದೆಯಲ್ಲಿ ಕುಳಿತಿದೆ.

ಆಗ ಒತ್ತಕ್ಷರಗಳಿಗೆ ಬೇರೆಯೇ ಮೊಳೆಗಳಿರುತ್ತಿದ್ದವು. ಸಾಲು ಇಕ್ಕಟ್ಟಾಯಿತೆಂದರೆ ಮಾಲೀಕರು ಪ್ರೂಫ್ ಹಾಳೆಯನ್ನು ಮುಖಕ್ಕೆ ಎಸೆಯುತ್ತಿದ್ದರು. ನಡುವೆ ಸೀಸದ ಪಟ್ಟಿ ಸೇರಿಸಿ ಮತ್ತೆ ಕಟ್ಟುತ್ತಿದ್ದೆವು. ಈಗ ಕಂಪ್ಯೂಟರಿನಲ್ಲಿ ಇಂಗ್ಲಿಷಿಗೆ ಹೊಂದುವ ಅಂತರವನ್ನೇ ಕನ್ನಡಕ್ಕೂ ಬಿಗಿಯುತ್ತಾರೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಇಲ್ಲವೇ ಬುಡದಲ್ಲೇ ಕತ್ತರಿಸಿಹೋಗುತ್ತದೆ. ನನ್ನ ನೋಟಿಸಿನಲ್ಲಿ ‘ಹಕ್ಕು’ ಎಂಬುದು ‘ಹಕು’ ಆಗಿತ್ತು. ಅದೊಂದು ತಪ್ಪಿಲ್ಲದೆ ಅಚ್ಚಾಗಿದೆ ಎಂದುಕೊಂಡೆ.

ಇನ್ನು ಎರಡೂ ಅಂಚು ಸಮ ಮಾಡುವ ಹುಚ್ಚು. ‘ಹಾಜರಾಗತಕ್ಕದ್ದೆಂದು’ ಎಂಬಂಥ ಉದ್ದನೆಯ ಪದ ಮುಂದಿನ ಸಾಲಿಗೆ ಜಿಗಿದರೆ, ಉಳಿದ ಮೂರು ಪದಗಳು ಜಗಳವಾಡಿದ ದಾಯಾದಿಗಳ ಹಾಗೆ ದೂರ ದೂರ ನಿಲ್ಲುತ್ತವೆ. ಎಡ ಅಂಚು ನೇರವಾಗಿದ್ದರೆ ಸಾಕು. 14 ಪಾಯಿಂಟ್ ಅಕ್ಷರ, ಧಾರಾಳ ಅಂತರ. ಬೇರೇನೂ ಬೇಡ.

ಬಿಸ್ಕತ್ತಿನ ಪೊಟ್ಟಣದ ಮೇಲಿನ ಅಂಕಿಗಳು ಎಷ್ಟು ಎತ್ತರವಿರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತವೆ. ನಿಮಗೆ ಗೊತ್ತಿಲ್ಲದ್ದೇನಲ್ಲ. ನನ್ನ ಜಮೀನು ಬಿಸ್ಕತ್ತಿಗಿಂತ ಕಡೆಯಾಯಿತೇ?

ಕಾಗದ ಹೆಚ್ಚು ಖರ್ಚಾಗುತ್ತದೆ ಎಂದು ಕಚೇರಿಯವರು ಹೇಳಬಹುದು. ಹಾಳೆಯ ಎರಡೂ ಬದಿಗೆ ಮುದ್ರಿಸಲಿ. ನಿಮ್ಮ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ನಿಮ್ಮ ಹೆಸರು ಓಡುವ ಬಸ್ಸಿನಿಂದಲೂ ಓದಲು ಬರುತ್ತದೆ. ಅಷ್ಟು ದೊಡ್ಡದು ಬೇಡ, 14 ಪಾಯಿಂಟ್ ಸಾಕು. ಎಂದರೆ ಹೆಚ್ಚುಕಡಿಮೆ ಐದು ಮಿಲಿಮೀಟರ್.

ಮುಂದಿನ ವಿಚಾರಣೆಯ ನೋಟಿಸ್ ನಿನ್ನೆ ಬಂದಿದೆ. ನಕಲು ಲಗತ್ತಿಸಿದ್ದೇನೆ. ದಿನಾಂಕ ೧೬ ಇರಬಹುದು, ೧೯ ಇರಬಹುದು. ನಿಮ್ಮ ಆಪ್ತ ಸಹಾಯಕರಿಂದಲಾದರೂ ಓದಿಸಿ ತಿಳಿಸಿ. ಅವರಿಗೂ ಗೊತ್ತಾಗದಿದ್ದರೆ ಎರಡೂ ದಿನ ಬುತ್ತಿ ಕಟ್ಟಿಕೊಂಡು ಬರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ